ವಿಶೇಷಣದ ಬಡ್ತಿ

ನಮ್ಮ ಮನೆಯ ಹಿಂದೆ, ಕೂಗಳತೆಯಲ್ಲಿ, ರೈಲಿನ ಹಾದಿಯಿದೆ. ಹೊತ್ತುಗೊತ್ತಿಲ್ಲದೆ ಅದರ ಮೇಲೆ ಗೂಡ್ಸ್ ಗಾಡಿಗಳು ಹೋಗುತ್ತವೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹೈಸ್ಕೂಲಿನ ಹುಡುಗರಿಗೆ ಇಂಗ್ಲಿಷು ವ್ಯಾಕರಣವನ್ನು ಹೇಳಿಕೊಟ್ಟು ಈಗ ಜಗಲಿಯ ಮೇಲೆ ಕುಳಿತಿರುವ ನನಗೆ, ಗಾಡಿಯ ಡಬ್ಬಿಗಳನ್ನು ಎಣಿಸುವುದಕ್ಕಿಂತ ಅದರ ಹೆಸರಿನ ವಿಚಾರವಾಗಿ ಯೋಚಿಸುವುದೇ ಸುಲಭವಾಗಿ ಬರುತ್ತದೆ. ‘ಗುಡ್’ ಎಂದರೆ ಒಳ್ಳೆಯ. ಹುಡುಗನನ್ನಾಗಲಿ, ಹಸುವನ್ನಾಗಲಿ, ಕಾಫಿಯನ್ನಾಗಲಿ ಮೆಚ್ಚಿ ಆಡುವಾಗ ಅದರ ಹಿಂದೆ ಹಚ್ಚುವ ವಿಶೇಷಣ ಅದು. ಅದಕ್ಕೆ ಬಾಲದಂತೆ ಒಂದು ‘ಸ್’ ಸೇರಿಸಿದರೆ ‘ಗೂಡ್ಸ್’. ಒಳ್ಳೆಯತನವೆಲ್ಲ ಎಲ್ಲಿಯೋ ಇಳಿದುಹೋಗಿ ಕಲ್ಲಿದ್ದಲು, ಸಿಮೆಂಟು, ಗೊಬ್ಬರದ ಮೂಟೆ ಉಳಿಯಿತು. ಗುಣವನ್ನು ಹೇಳುತ್ತಿದ್ದ ಮಾತು ಸರಕನ್ನು ಹೇಳುವ ಮಾತಾಯಿತು.

ಇಂಗ್ಲಿಷಿನಲ್ಲಿ ಇಂಥ ಬಡ್ತಿಗಳಿಗೆ ಲೆಕ್ಕವಿಲ್ಲ. ವಾಚಕರು ಬೆಳಗ್ಗೆ ಎದ್ದು ಬಾಗಿಲಿನಲ್ಲಿ ಹುಡುಕುವ ‘ಡೈಲಿ’, ಭಾನುವಾರದ ಬಿಡುವಿನಲ್ಲಿ ಓದುವ ‘ವೀಕ್ಲಿ’ ಎರಡೂ ಮೂಲತಃ ವಿಶೇಷಣಗಳೇ. ದೈನಿಕವಾದ ಏನೋ ಒಂದು, ವಾರಕ್ಕೊಮ್ಮೆ ಬರುವ ಏನೋ ಒಂದು. ಆ ‘ಏನೋ ಒಂದು’ ಬಿದ್ದುಹೋಗಿ ಬರಿಯ ವಿಶೇಷಣವೇ ಪತ್ರಿಕೆಯಾಯಿತು. ಬ್ರಿಟಿಷ್ ಸೈನ್ಯದ ಎರಡು ತುದಿಗಳನ್ನು ನೋಡಿ. ಎಲ್ಲರಿಗೂ ಮೇಲೆ ನಿಲ್ಲುವವನು ‘ಜನರಲ್’, ಎಲ್ಲರಿಗೂ ಕೆಳಗೆ ನಿಲ್ಲುವವನು ‘ಪ್ರೈವೇಟ್’. ಮೊದಲನೆಯವನು ಒಂದು ಕಾಲಕ್ಕೆ ‘ಕ್ಯಾಪ್ಟನ್ ಜನರಲ್’, ಎಂದರೆ ಇಡೀ ಸೈನ್ಯಕ್ಕೆ ಸಾಮಾನ್ಯನಾದ ನಾಯಕ. ಎರಡನೆಯವನು ‘ಪ್ರೈವೇಟ್ ಸೋಲ್ಜರ್’, ಯಾವ ಪದವಿಯೂ ಇಲ್ಲದ ಸಿಪಾಯಿ. ಇಬ್ಬರೂ ತಮ್ಮ ನಾಮಪದವನ್ನು ಕಳೆದುಕೊಂಡು ವಿಶೇಷಣವನ್ನೇ ಹೊದ್ದುಕೊಂಡರು. ನಮ್ಮ ಕೊಡಗಿನ ಕಾರ್ಯಪ್ಪನವರನ್ನೂ ತಿಮ್ಮಯ್ಯನವರನ್ನೂ ಜನರಲ್ ಎಂದು ಹೆಮ್ಮೆಯಿಂದ ಕರೆಯುವಾಗ ನಾವು ಒಂದು ವಿಶೇಷಣಕ್ಕೆ ಸಲಾಮು ಹೊಡೆಯುತ್ತಿದ್ದೇವೆಂದು ಯಾರಿಗೆ ನೆನಪಾಗುತ್ತದೆ?

ಇದರಲ್ಲಿ ಯಾರಿಗೂ ನಷ್ಟವಿಲ್ಲ. ಸಿಮೆಂಟಿನ ಮೂಟೆ ತನ್ನನ್ನು ‘ಒಳ್ಳೆಯದು’ ಎಂದುದಕ್ಕೆ ಬೀಗುವುದೂ ಇಲ್ಲ, ಬೇಸರಪಡುವುದೂ ಇಲ್ಲ. ಆದರೆ ಇದೇ ಬಡ್ತಿ ಮನುಷ್ಯರ ಮೇಲೆ ನಡೆದಾಗ ಲೆಕ್ಕ ಬೇರೆಯಾಗುತ್ತದೆ. ಈ ಮಾತು ನನಗೆ ಹೊಳೆದದ್ದು ಬಹಳ ತಡವಾಗಿ. ಹೇಗೆಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ವ್ಯಾಕರಣ.

ಹಳೆಯ ಇಂಗ್ಲಿಷಿನಲ್ಲಿ ವಿಶೇಷಣಗಳಿಗೆ ನಮ್ಮ ಸಂಸ್ಕೃತದಲ್ಲಿರುವಂತೆ ಲಿಂಗ, ವಚನ, ವಿಭಕ್ತಿಗಳ ಪ್ರತ್ಯಯಗಳಿದ್ದವು. ‘ಕುರುಡು’ ಎಂಬ ಅರ್ಥದ ಮಾತು ಒಂಟಿಯಾಗಿ ನಿಂತರೂ, ಕುರುಡನೋ ಕುರುಡಿಯೋ, ಒಬ್ಬನೋ ಹಲವರೋ ಎಂಬುದನ್ನು ಅದರ ಕೊನೆ ಬಹುಮಟ್ಟಿಗೆ ಹೇಳುತ್ತಿತ್ತು. ಸುಮಾರು 15ನೆಯ ಶತಮಾನದ ಹೊತ್ತಿಗೆ ಈ ಕೊನೆಗಳೆಲ್ಲ ಸವೆದುಹೋದವು. ನಾಮಪದಕ್ಕೂ ವಿಶೇಷಣಕ್ಕೂ ಕ್ರಿಯಾಪದಕ್ಕೂ ಉಡುಪು ಒಂದೇ ಆದಮೇಲೆ ಯಾವ ಮಾತು ಯಾವ ಕುರ್ಚಿಯ ಮೇಲೆ ಕುಳಿತರೂ ಕೇಳುವವರಿಲ್ಲ. ಇಂಗ್ಲಿಷು ಭಾಷೆಯ ಚುರುಕಿಗೆ ಇದೂ ಒಂದು ಕಾರಣವೆಂದು ಬಲ್ಲವರು ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಅಂದಹಾಗೆ, 18ನೆಯ ಶತಮಾನದವರೆಗೂ ಅವರ ವ್ಯಾಕರಣಗಳು ವಿಶೇಷಣವನ್ನು ಬೇರೆ ಜಾತಿಯೆಂದು ಎಣಿಸದೆ ‘ನೌನ್ ಆ್ಯಡ್ಜೆಕ್ಟಿವ್’ ಎಂದೇ ಕರೆಯುತ್ತಿದ್ದವು. ಗುಣವಚನವನ್ನು ನಾಮಪದದ ಪಂಕ್ತಿಯಲ್ಲಿಯೇ ಕೂಡಿಸಿದ ನಮ್ಮ ಹಳೆಯ ವೈಯಾಕರಣರಿಗೆ ಇದು ವಿಚಿತ್ರವಾಗಿ ಕಾಣುತ್ತಿರಲಿಲ್ಲ.

ಬಡ್ತಿಯಲ್ಲಿ ಎರಡು ಬಗೆ. ಕಚೇರಿಗಳಲ್ಲಿ ದುಡಿದ ವಾಚಕರಿಗೆ ಇದು ಕೂಡಲೇ ತಿಳಿಯುತ್ತದೆ: ಒಂದು ಹಂಗಾಮಿ, ಇನ್ನೊಂದು ಖಾಯಂ. ‘ದಿ ಪೂರ್’ ಎಂದರೆ ಬಡವರು. ಇಲ್ಲಿ ‘ಪೂರ್’ ನಾಮಪದದ ಕುರ್ಚಿಯಲ್ಲಿ ಕುಳಿತಿದೆ, ಆದರೆ ಹಂಗಾಮಿಯಾಗಿ. ಅದಕ್ಕೆ ಬಹುವಚನದ ‘ಸ್’ ಹತ್ತುವುದಿಲ್ಲ, ‘ಪೂರ್ಸ್’ ಎನ್ನಕೂಡದು. ಒಬ್ಬನನ್ನು ತೋರಿಸಿ ‘ಎ ಪೂರ್’ ಎನ್ನಲೂ ಬರುವುದಿಲ್ಲ; ‘ಎ ಪೂರ್ ಮ್ಯಾನ್’ ಎನ್ನಬೇಕು, ಮನುಷ್ಯನನ್ನು ಮರಳಿ ಕರೆತರಬೇಕು. ‘ದಿ ವೆರಿ ಪೂರ್’, ಎಂದರೆ ತೀರ ಬಡವರು, ಎನ್ನಬಹುದು. ಎಂದರೆ ವಿಶೇಷಣವಾಗಿದ್ದ ಕಾಲದ ನಂಟು ಇನ್ನೂ ಕಡಿದಿಲ್ಲ, ಹೆಚ್ಚುಕಡಮೆಗೆ ಎಡೆಯುಂಟು. ‘ಕ್ರಿಮಿನಲ್’ ಎಂಬ ಮಾತಿನ ಗತಿ ಹಾಗಲ್ಲ. ಅಪರಾಧಕ್ಕೆ ಸಂಬಂಧಪಟ್ಟ ಎಂಬರ್ಥದ ವಿಶೇಷಣ ಅದು. ಈಗ ‘ಎ ಕ್ರಿಮಿನಲ್’ ಉಂಟು, ‘ಕ್ರಿಮಿನಲ್ಸ್’ ಉಂಟು. ಅದರ ಹಿಂದೆ ‘ವೆರಿ’ ಹಾಕಿ ನೋಡಿ, ನಿಲ್ಲದು. ಖಾಯಂ ಆದ ನೌಕರನಿಗೆ ಹೆಚ್ಚುಕಡಮೆಯ ಮಾತಿಲ್ಲ. ಆ ಒಂದು ‘ಸ್’ ಅಕ್ಷರವೇ ಖಾಯಂ ಹುಕುಮು.

ನಮ್ಮ ಹುಡುಗರು ಪರೀಕ್ಷೆಯಲ್ಲಿ ‘ಪೂರ್ಸ್’ ಎಂದೇ ಬರೆಯುತ್ತಿದ್ದರು. ಬಡವರು ಹಲವರಿರುವಾಗ ಬಹುವಚನವೇಕೆ ಬೇಡವೆಂಬುದು ಅವರ ನ್ಯಾಯವಾದ ಪ್ರಶ್ನೆ. ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವನ್ನು ಎದುರಿಗಿಟ್ಟುಕೊಂಡು ನಾನು ಆ ‘ಸ್’ ಅನ್ನು ಕೆಂಪು ಶಾಯಿಯಲ್ಲಿ ಹೊಡೆದದ್ದು ಸಾವಿರಾರು ಸಲ.

ಹುಡುಗರ ತಪ್ಪಿನ ಬೇರು ಕನ್ನಡದಲ್ಲಿತ್ತು. ಕನ್ನಡದಲ್ಲಿ ವಿಶೇಷಣವೊಂದೇ ಮನುಷ್ಯನಾಗಿ ನಿಲ್ಲಲಾರದು. ‘ಒಳ್ಳೆಯ’ ಎಂದು ನಿಲ್ಲಿಸಿದರೆ ಕೇಳುವವನು ಬಾಯಿ ನೋಡುತ್ತಾನೆ. ಒಳ್ಳೆಯವನು, ಒಳ್ಳೆಯವಳು, ಒಳ್ಳೆಯವರು, ಒಳ್ಳೆಯದು ಎಂದು ಮುಗಿಸಬೇಕು. ಗಂಡಸೋ ಹೆಂಗಸೋ, ಒಬ್ಬರೋ ಹಲವರೋ, ಮನುಷ್ಯನೋ ವಸ್ತುವೋ ಎಂಬುದನ್ನು ಹೇಳದೆ ವಾಕ್ಯದಿಂದ ಹೊರಗೆ ಕಾಲಿಡುವಂತಿಲ್ಲ. ‘ಒಳ್ಳೆಯವನು’ ಎಂಬ ಮಾತಿನ ಹೊಟ್ಟೆಯಲ್ಲಿ ‘ಅವನು’ ಕುಳಿತಿದ್ದಾನೆ. ‘ದಿ ಪೂರ್’ ಎಂಬುದರಲ್ಲಿ ಯಾರೂ ಕುಳಿತಿಲ್ಲ. ಅಲ್ಲಿರುವುದು ಬಡತನದ ಒಂದು ರಾಶಿ. ಇಂಗ್ಲೆಂಡಿನಲ್ಲಿ 1601ರಿಂದ ಬಡವರಿಗಾಗಿ ಕಾಯಿದೆಗಳು ಬಂದವು, 1834ರಲ್ಲಿ ಅವು ಇನ್ನಷ್ಟು ಬಿಗಿಯಾದವು. ಆ ಕಾಯಿದೆಗಳ ಮಾತನ್ನು ಓದುವಾಗ, ಈ ಜನರಿಗೆ ರಾಶಿಯನ್ನು ಅಳೆಯುವುದು ಎಷ್ಟು ಸುಲಭವಾಗಿ ಬಂದಿತು ಎನಿಸುತ್ತದೆ: ದುಡಿಯಬಲ್ಲ ರಾಶಿ ಒಂದು ಕಡೆ, ದುಡಿಯಲಾರದ ರಾಶಿ ಇನ್ನೊಂದು ಕಡೆ.

ಹಾಗೆಂದು ಕನ್ನಡಿಗರು ಬೀಗಬೇಕಾಗಿಲ್ಲ. ಕುಂಟ, ಕುರುಡ, ಹುಚ್ಚ ಎಂಬ ಮಾತುಗಳಲ್ಲಿ ವ್ಯಾಕರಣದ ದೃಷ್ಟಿಯಿಂದ ಮನುಷ್ಯನು ಇದ್ದೇ ಇದ್ದಾನೆ. ಬೀದಿಯಲ್ಲಿ ಆ ಮಾತನ್ನು ಎಸೆದವನು ಅವನಿಗೆ ಮರ್ಯಾದೆ ಕೊಟ್ಟನೆಂದು ಯಾರೂ ಹೇಳಲಾರರು. ಪ್ರತ್ಯಯ ಮಾಡುವ ಉಪಕಾರ ಅಷ್ಟರಲ್ಲಿಯೇ ಇದೆ. ಆದರೂ ಕನ್ನಡ ನಮಗೆ ಕೊಟ್ಟಿರುವ ಒಂದು ಸೂಕ್ಷ್ಮವನ್ನು ಬಿಡಲಾಗದು. ‘ಕದ್ದವನು’ ಎಂಬುದಕ್ಕೂ ‘ಕಳ್ಳ’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ನೋಡಿ. ‘ಕದ್ದವನು’ ಎಂದರೆ ಒಂದು ದಿನ, ಒಂದು ಕಡೆ, ಒಂದು ವಸ್ತುವನ್ನು ತೆಗೆದುಕೊಂಡವನು, ‘ಯಾವಾಗ? ಏನನ್ನು? ನೋಡಿದವರು ಯಾರು?’ ಎಂದು ಕೇಳಬಹುದು, ಕೇಳಲೇಬೇಕು. ‘ಕಳ್ಳ’ ಎಂದಮೇಲೆ ಈ ಪ್ರಶ್ನೆಗಳೆಲ್ಲ ಸುಮ್ಮನಾಗುತ್ತವೆ. ಅವನು ನಿದ್ದೆ ಮಾಡುವಾಗಲೂ ಕಳ್ಳನೇ.

ತತ್ತ್ವಶಾಸ್ತ್ರದ ಕಡೆಯಿಂದ ನೋಡಿದರೆ ಕೊಂಚ ಬೆಳಕು ಬೀಳುತ್ತದೆ. ನಮ್ಮ ವೈಶೇಷಿಕರು ದ್ರವ್ಯ ಬೇರೆ, ಗುಣ ಬೇರೆ ಎಂದರು. ಗುಣಕ್ಕೆ ದ್ರವ್ಯವೇ ಆಶ್ರಯ, ಆಶ್ರಯವಿಲ್ಲದೆ ಗುಣ ನಿಲ್ಲದು. ವ್ಯಾಕರಣದಲ್ಲಿ ವಿಶೇಷಣಕ್ಕೆ ವಿಶೇಷ್ಯ ಹೇಗೋ ಹಾಗೆ. ಡೆನ್ಮಾರ್ಕಿನ ಆಟೋ ಯೆಸ್ಪರ್ಸನ್ ಎಂಬ ವಿದ್ವಾಂಸರು 1924ರಲ್ಲಿ ಪ್ರಕಟಿಸಿದ ‘ದಿ ಫಿಲಾಸಫಿ ಆಫ್ ಗ್ರ್ಯಾಮರ್’ ಎಂಬ ಗ್ರಂಥದಲ್ಲಿ ಇದನ್ನೇ ಇನ್ನೊಂದು ದಾರಿಯಿಂದ ಹೇಳಿದ್ದಾರೆ. ಅವರ ವಾದದ ತಿರುಳು ಇಷ್ಟು: ವಿಶೇಷಣ ಒಂದು ಗುಣವನ್ನು ಎತ್ತಿ ತೋರಿಸುತ್ತದೆ, ನಾಮಪದ ಹಲವು ಗುಣಗಳ ಕಟ್ಟನ್ನು ಒಟ್ಟಿಗೆ ತಂದಿಡುತ್ತದೆ, ಆದ್ದರಿಂದ ವಿಶೇಷಣ ನಾಮಪದವಾದಾಗ ಅದರ ಅರ್ಥ ಇನ್ನಷ್ಟು ನಿರ್ದಿಷ್ಟವಾಗಿ, ಇನ್ನಷ್ಟು ತುಂಬಿಕೊಳ್ಳುತ್ತದೆ. ಈ ತುಂಬಿಕೊಳ್ಳುವ ಸಾಮಗ್ರಿ ಎಲ್ಲಿಂದ ಬರುತ್ತದೆ? ಆ ಮನುಷ್ಯನನ್ನು ಕಂಡು ತಿಳಿದದ್ದರಿಂದಲೇ ಬರಬೇಕಾಗಿಲ್ಲ. ಕೇಳುವವನ ಮನಸ್ಸಿನಲ್ಲಿ ಮೊದಲೇ ಶೇಖರವಾಗಿದ್ದ ಸರಕೂ ಅಲ್ಲಿಗೆ ಇಳಿಯುತ್ತದೆ. ‘ಅವನು ಬಡವನಾಗಿದ್ದಾನೆ’ ಎಂದರೆ ಒಂದು ಸಂಗತಿ ತಿಳಿಯಿತು, ಉಳಿದದ್ದನ್ನು ಅವನನ್ನೇ ಕೇಳಬೇಕು. ‘ಅವನು ಬಡವರ ಪೈಕಿ’ ಎಂದರೆ ಕೇಳುವ ಆವಶ್ಯಕತೆಯೇ ಉಳಿಯದು.

ನನ್ನ ಸ್ನೇಹಿತರೊಬ್ಬರು ವಕೀಲರು. ಸಂಜೆಯ ಹೊತ್ತು ಜಗಲಿಗೆ ಬಂದು ಕುಳಿತುಕೊಳ್ಳುವುದುಂಟು. ಇಷ್ಟನ್ನು ಅವರ ಮುಂದೆ ಹೇಳಿದಾಗ ಅವರು ನಕ್ಕರು.

“ಮೇಷ್ಟ್ರೇ, ನಿಮ್ಮ ರೋಗಕ್ಕೆ ಸರ್ಕಾರದವರು ಆಗಲೇ ಔಷಧ ಕೊಟ್ಟಿದ್ದಾರೆ. 1908ರ ಸಿವಿಲ್ ಪ್ರೊಸೀಜರ್ ಕೋಡಿನಲ್ಲಿ 33ನೆಯ ಆರ್ಡರು ಅಂತ ಒಂದಿದೆ. ಕೋರ್ಟು ಫೀಸು ಕಟ್ಟೋದಕ್ಕೆ ಕೈಲಾಗದವನು ಅದರ ಪ್ರಕಾರ ದಾವಾ ಹಾಕಬಹುದು. ಮೊದಲು ಅವನನ್ನು ‘ಪಾಪರ್’ ಅಂತಿದ್ದರು. 1976ರ ತಿದ್ದುಪಡಿಯಲ್ಲಿ ‘ಇಂಡಿಜೆಂಟ್ ಪರ್ಸನ್’ ಅಂತ ಮಾಡಿದರು. ನಿಮ್ಮ ಲೆಕ್ಕದಲ್ಲಿ ನಾಮಪದ ಹೋಯಿತು, ವಿಶೇಷಣ ಬಂತು, ಮನುಷ್ಯನೂ ಬಂದ. ಸಂತೋಷ ತಾನೆ?”

“ಸಂತೋಷವೇ,” ಎಂದೆ. ಲ್ಯಾಟಿನ್ನಿನಲ್ಲಿ ‘ಪಾಪರ್’ ಕೂಡ ಬಡ ಎಂಬರ್ಥದ ವಿಶೇಷಣವಾಗಿದ್ದು ಇಂಗ್ಲಿಷಿಗೆ ಬಂದು ನಾಮಪದವಾಯಿತು ಎಂಬುದನ್ನೂ ಹೇಳಿದೆ.

“ಆದರೆ ಅರ್ಜಿದಾರ ತನ್ನ ಆಸ್ತಿಯ ಪಟ್ಟಿಯನ್ನು ಮೊದಲಿನ ಹಾಗೆಯೇ ಕೊಡಬೇಕು. ವಿಚಾರಣೆ ಮೊದಲಿನ ಹಾಗೆಯೇ. ನಾನು ಆ ಕಾಲದ ಕಕ್ಷಿಗಾರರನ್ನೂ ನೋಡಿದ್ದೇನೆ, ಈ ಕಾಲದವರನ್ನೂ ನೋಡಿದ್ದೇನೆ. ಜೇಬು ಎರಡು ಕಾಲಕ್ಕೂ ಒಂದೇ. ಹೆಸರು ಬದಲಾಯಿಸೋದಕ್ಕೆ ಖರ್ಚಿಲ್ಲ ನೋಡಿ, ಅದಕ್ಕೇ ಎಲ್ಲರೂ ಮೊದಲು ಅದನ್ನೇ ಮಾಡ್ತಾರೆ.”

ಅವರ ಮಾತಿನಲ್ಲಿ ತೂಕವಿತ್ತು. ಅಂದು ನಾನು ಸಮರ್ಪಕವಾದ ಉತ್ತರ ಕೊಡಲಿಲ್ಲ. ಹೆಸರು ಬದಲಾದರೆ ಹೊಟ್ಟೆ ತುಂಬುವುದಿಲ್ಲವೆಂಬುದನ್ನು ಒಪ್ಪಿಕೊಂಡೇ, ಹೆಸರು ಕೊಟ್ಟದ್ದರಿಂದ ಹೊಟ್ಟೆ ಬತ್ತಿದ ಸಂಗತಿಗಳಿವೆಯೆಂದು ಈಗ ಹೇಳಬಯಸುತ್ತೇನೆ. ‘ಕ್ರಿಮಿನಲ್’ ಎಂಬ ಅದೇ ವಿಶೇಷಣದ ಕಥೆ ಇದು.

1871ರಲ್ಲಿ ಬ್ರಿಟಿಷ್ ಸರ್ಕಾರ ‘ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್’ ಎಂಬ ಕಾಯಿದೆಯನ್ನು ಮಾಡಿತು. ಮೊದಲು ಉತ್ತರ ಭಾರತಕ್ಕೆ ಮೀಸಲಾಗಿದ್ದ ಇದು 1911ರ ಕಾಯಿದೆಯ ಮೂಲಕ ಮದರಾಸಿಗೂ ಬಂದಿತು. ಒಂದು ಕೃತ್ಯ ‘ಕ್ರಿಮಿನಲ್’ ಆಗಬಹುದು. ಆ ಕೃತ್ಯ ಮಾಡಿದ ಒಬ್ಬನನ್ನು ಹಾಗೆ ಕರೆಯಬಹುದು. ಈ ಕಾಯಿದೆ ಅದನ್ನು ‘ಟ್ರೈಬ್’ ಎಂಬುದರ ತಲೆಗೆ ಕಟ್ಟಿತು. ಬುಡಕಟ್ಟಿಗೆ ಕೈಯಿಲ್ಲ, ಕಾಲಿಲ್ಲ. ಅದು ಕನ್ನ ಕೊರೆಯಲಾರದು. ಆದರೆ ಅದಕ್ಕೆ ಮಕ್ಕಳು ಹುಟ್ಟುತ್ತವೆ. ಹುಟ್ಟಿದ ಮಗು ಯಾವ ಬೀಗವನ್ನೂ ಮುಟ್ಟುವ ಮೊದಲೇ ವಿಶೇಷಣದ ಹಕ್ಕುದಾರನಾಯಿತು. ಸರ್ಕಾರದ ಪ್ರಕಟಣೆಯಲ್ಲಿ ಹೆಸರು ಬಂದ ಮೇಲೆ ಪೋಲೀಸರ ಮುಂದೆ ಹಾಜರಿ, ಊರು ಬಿಡಬೇಕಾದರೆ ರಹದಾರಿ, ಕೆಲವರಿಗೆ ಬೇಲಿಯೊಳಗಿನ ವಸತಿ. ಹುಬ್ಬಳ್ಳಿಯಲ್ಲೂ ಗದಗಿನಲ್ಲೂ ಅಂಥ ವಸತಿಗಳಿದ್ದ ಎಡೆಯನ್ನು ಜನ ‘ಸೆಟ್ಲಮೆಂಟ್’ ಎನ್ನುವುದುಂಟು. ನೆಲೆಗೊಳಿಸುವುದು ಎಂಬರ್ಥದ ಒಂದು ಮಾತು ಹೀಗೆ ಬಡಾವಣೆಯ ಹೆಸರಾಗಿ ಉಳಿಯಿತು.

ಸ್ವಾತಂತ್ರ್ಯ ಬಂದಮೇಲೆ, 1952ರಲ್ಲಿ, ಈ ಕಾಯಿದೆ ರದ್ದಾಯಿತು. ಬಿಡುಗಡೆ ಹೊಂದಿದವರಿಗೆ ಬಂದ ಹೊಸ ಹೆಸರು ‘ಡಿನೋಟಿಫೈಡ್’, ಎಂದರೆ ಪಟ್ಟಿಯಿಂದ ತೆಗೆದುಹಾಕಲ್ಪಟ್ಟವರು. ಇದೂ ಒಂದು ವಿಶೇಷಣವೇ. ಪಟ್ಟಿಯಿಂದ ತೆಗೆದೆವೆಂದು ಹೇಳುವುದಕ್ಕಾಗಿ ಪಟ್ಟಿಯನ್ನು ನೆನಪಿಸಲೇಬೇಕಾದ ವಿಶೇಷಣ. ಮನೆಗೆ ಬಂದ ಅಳಿಯನನ್ನು ‘ಈಗ ಜೈಲಿನಲ್ಲಿ ಇಲ್ಲದವರು’ ಎಂದು ಪರಿಚಯ ಮಾಡಿಸಿದ ಹಾಗೆ. ಇದಕ್ಕಿಂತ ‘ವಿಮುಕ್ತ’ ಎಂಬ ಮಾತು ವಾಸಿ.

ವಕೀಲರಿಗೆ ನಾನು ಹೇಳಬೇಕಾಗಿದ್ದುದು ಇಷ್ಟು: ವಿಶೇಷಣ ಕೃತ್ಯದ ಪಕ್ಕದಲ್ಲಿ ನಿಂತಿರುವವರೆಗೆ ಅದಕ್ಕೆ ರುಜುವಾತು ಬೇಕು. ನಾಮಪದವಾಗಿ ಮನುಷ್ಯನ ಮೇಲೆ ಕುಳಿತ ದಿನದಿಂದ ರುಜುವಾತಿನ ಭಾರ ಅದರ ಮೇಲಿಲ್ಲ; ಹಾಗಲ್ಲವೆಂದು ತೋರಿಸುವ ಭಾರ ಅವನ ಮೇಲೆ ಬೀಳುತ್ತದೆ. ನ್ಯಾಯಾಲಯದಲ್ಲಿ ಜೀವಮಾನ ಕಳೆದವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಇದಕ್ಕಿಂತ ಆಳಕ್ಕೆ ಹೋಗುವ ಮಾತು ‘ಅನ್‌ಟಚಬಲ್’. ನಮ್ಮ ‘ಅಸ್ಪೃಶ್ಯ’ವೂ ಅದೇ ಅಚ್ಚಿನದು: ಮುಟ್ಟಲು ಬಾರದ, ಮುಟ್ಟಕೂಡದ. ಇದನ್ನು ವಿಶೇಷಣವೆಂದು ಹೇಳಿ ವ್ಯಾಕರಣದ ಮೇಷ್ಟರು ಮುಂದಕ್ಕೆ ಹೋಗಬಹುದು. ಆದರೆ ನಿಧಾನಿಸಿ ನೋಡಿ: ಇದರೊಳಗೆ ಒಂದು ಕ್ರಿಯೆ ಇದೆ, ಮುಟ್ಟುವುದು. ಕ್ರಿಯೆಯಿದ್ದ ಮೇಲೆ ಕರ್ತೃ ಇರಬೇಕು. ಮುಟ್ಟದಿರುವವನು ಯಾರು? ಮುಟ್ಟಕೂಡದೆಂದು ನಿಯಮ ಮಾಡಿಕೊಂಡವನು ಯಾರು? ಮಾತಿನಲ್ಲಿ ಅವನ ಸುಳಿವೇ ಇಲ್ಲ. ತಾನು ಮಾಡುತ್ತಿರುವ ಕೆಲಸವನ್ನು ಎದುರಿಗಿದ್ದವನ ಗುಣವೆಂದು ಬರೆದು, ತಾನು ವಾಕ್ಯದಿಂದ ನುಣ್ಣಗೆ ಜಾರಿಕೊಂಡಿದ್ದಾನೆ. ಅನಂತರ ಆ ವಿಶೇಷಣಕ್ಕೆ ಬಡ್ತಿಯಾಗಿ ‘ಅನ್‌ಟಚಬಲ್ಸ್’ ಆಯಿತು. ‘ಸ್’ ಹತ್ತಿತು, ಖಾಯಂ ಆಯಿತು. ಎತ್ತರ, ಕಪ್ಪು, ಕುಳ್ಳು ಎಂಬವುಗಳಂತೆ ಅದೂ ಹುಟ್ಟಿನಿಂದ ಬಂದ ಲಕ್ಷಣವೆಂದು ಮಕ್ಕಳಿಗೆ ತೋರುವ ಹಾಗಾಯಿತು. ಸರ್ಕಾರಿ ಕಾಗದಗಳಲ್ಲಿ ಬಹುಕಾಲ ನಡೆದ ‘ಡಿಪ್ರೆಸ್ಡ್ ಕ್ಲಾಸಸ್’ ಎಂಬ ಹೆಸರಿನಲ್ಲಿಯೂ ತುಳಿದವರು ಕಾಣಿಸುವುದಿಲ್ಲ, ತುಳಿಯಲ್ಪಟ್ಟವರು ಮಾತ್ರ ಇದ್ದಾರೆ.

ನಮ್ಮ ಸಂವಿಧಾನದ 17ನೆಯ ಅನುಚ್ಛೇದದಲ್ಲಿ ಒಂದು ಸ್ವಾರಸ್ಯವಿದೆ. ಅಲ್ಲಿ ರದ್ದು ಮಾಡಿರುವುದು ‘ಅನ್‌ಟಚಬಿಲಿಟಿ’ಯನ್ನು, ಅಸ್ಪೃಶ್ಯತೆಯನ್ನು. ಮನುಷ್ಯರನ್ನು ಹೆಸರಿಸುವ ನಾಮಪದವನ್ನು ಅದು ಬಳಸಲೇ ಇಲ್ಲ; ಭಾವನಾಮವನ್ನು ಹಿಡಿಯಿತು, ಅದನ್ನೂ ಉದ್ಧರಣ ಚಿಹ್ನೆಗಳ ನಡುವೆ ಇಟ್ಟಿತು, ಇದು ನಮ್ಮ ಮಾತಲ್ಲ, ಯಾರೋ ಆಡಿದ್ದು ಎನ್ನುವಂತೆ. ಅದನ್ನು ಯಾವ ರೂಪದಲ್ಲಿ ಆಚರಿಸುವುದನ್ನೂ ಆ ಅನುಚ್ಛೇದವೇ ನಿಷೇಧಿಸಿತು. 1955ರ ಕಾಯಿದೆ ಆ ಆಚರಣೆಗೆ ಶಿಕ್ಷೆಯನ್ನು ಗೊತ್ತುಮಾಡಿದಾಗ, ವಾಕ್ಯದಿಂದ ಜಾರಿಕೊಂಡಿದ್ದ ಕರ್ತೃವನ್ನು ಹುಡುಕಿ ಕಟಕಟೆಗೆ ತರುವ ಏರ್ಪಾಡು ಕಾಗದದ ಮೇಲಾದರೂ ಆಯಿತು. ಕಾಗದದಿಂದಾಚೆಗೆ ಎಷ್ಟಾಯಿತೆಂಬುದನ್ನು ದಿನಪತ್ರಿಕೆ ಓದುವವರಿಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು ಮಾತನ್ನು ಹೇಳಿ ಈ ಪಟ್ಟಿಯನ್ನು ನಿಲ್ಲಿಸುತ್ತೇನೆ. ‘ಲೆಪರ್’ ಎಂಬುದು ಇಂಗ್ಲಿಷಿಗೆ ಫ್ರೆಂಚಿನಿಂದ ಬಂದಾಗ ರೋಗದ ಹೆಸರಾಗಿತ್ತು. ‘ಬೇಕರ್’, ‘ಟೀಚರ್’ ಎಂಬವುಗಳಂತೆ ಅದರ ಕೊನೆಯೂ ‘ಅರ್’ ಎಂದು ಕೇಳಿಸಿದ್ದರಿಂದ, ಇದು ಯಾರೋ ಒಬ್ಬ ಮನುಷ್ಯನ ಹೆಸರೆಂದು ಜನ ತಿಳಿದರು. ರೋಗದ ಹೆಸರು ರೋಗಿಯ ಹೆಸರಾಯಿತು. ಕಿವಿಯ ಒಂದು ತಪ್ಪು, ಅಷ್ಟೆ. 1948ರಲ್ಲಿ ಹವಾನಾದಲ್ಲಿ ಸೇರಿದ ಅಂತರರಾಷ್ಟ್ರೀಯ ಕುಷ್ಠರೋಗ ಸಮ್ಮೇಳನ ಈ ಮಾತನ್ನು ಕೈಬಿಡಬೇಕೆಂದು ಶಿಫಾರಸು ಮಾಡಿತು. ನಮ್ಮ ದೇಶದಲ್ಲಿ 1898ರ ‘ಲೆಪರ್ಸ್ ಆ್ಯಕ್ಟ್’ ರದ್ದಾದದ್ದು 2016ರಲ್ಲಿ. ಈ ರೋಗವನ್ನೇ ವಿವಾಹ ವಿಚ್ಛೇದನಕ್ಕೆ ಕಾರಣವನ್ನಾಗಿ ಹೇಳುವ ಅವಕಾಶ ಕಾಯಿದೆಯಿಂದ ಹೋದದ್ದು 2019ರಲ್ಲಿ. ರೋಗಕ್ಕೆ ಒಳ್ಳೆಯ ಔಷಧ ಸಿಕ್ಕಿ ಎಷ್ಟೋ ಕಾಲವಾದ ಮೇಲೆ. ನಮ್ಮ ಕೂಲಿಯ ಕಥೆಯೂ ಇಂಥದೇ. ಕೂಲಿಯೆಂದರೆ ದುಡಿದುದಕ್ಕೆ ಬರುವ ಹಣ; ದುಡಿಯುವವನು ಕೂಲಿಯಾಳು, ಕೂಲಿಯವನು. ಇಂಗ್ಲಿಷಿನ ‘ಕೂಲಿ’ ದಕ್ಷಿಣದ ಈ ಮಾತಿನಿಂದಲೇ ಹೋದದ್ದೆಂದು ಒಂದು ಪಕ್ಷ ಹೇಳುತ್ತದೆ. ಹಾಗಾಗಿದ್ದರೆ, ಹಣವನ್ನು ಬಿಟ್ಟು ಆಳನ್ನೇ ಆ ಹೆಸರಿನಿಂದ ಕರೆದರು. ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿಯವರು ‘ಕೂಲಿ ಬ್ಯಾರಿಸ್ಟರ್’ ಎನಿಸಿಕೊಂಡರು. ಈಗ ನಾವೂ ಸಂಕೋಚವಿಲ್ಲದೆ ‘ನಾಲ್ಕು ಜನ ಕೂಲಿಗಳು’ ಎನ್ನುತ್ತೇವೆ.

ಹಾಗಾದರೆ ಮನುಷ್ಯನ ವಿಷಯದಲ್ಲಿ ವಿಶೇಷಣಕ್ಕೆ ಬಡ್ತಿಯನ್ನೇ ಕೊಡಬಾರದೆ? ಹಾಗೆಂದು ನಿಯಮ ಮಾಡಲು ಹೊರಟವರಿಗೆ ಸರಿಯಾದ ಪೆಟ್ಟು ಬಿದ್ದಿರುವುದುಂಟು. ‘ಬ್ಲೈಂಡ್’ ಎಂಬ ಮಾತನ್ನು ಹಿಂದಕ್ಕೆ ಸರಿಸಿ ಮೊದಲು ‘ಪರ್ಸನ್’ ಎನ್ನಬೇಕೆಂದು ಅಮೆರಿಕದಲ್ಲಿ ಸಭ್ಯರು ಹೇಳತೊಡಗಿದಾಗ, ಅಲ್ಲಿಯ ಕುರುಡರದೇ ಆದ ದೊಡ್ಡ ಸಂಸ್ಥೆಯೊಂದು 1993ರಲ್ಲಿ ನಿರ್ಣಯ ಮಾಡಿ ಅದನ್ನು ವಿರೋಧಿಸಿತು. ಕುರುಡೆಂದು ಹೇಳಿಕೊಳ್ಳಲು ನಮಗೆ ನಾಚಿಕೆಯಿಲ್ಲ, ಸುತ್ತಿ ಬಳಸಿ ಹೇಳುವವರಿಗೇ ಅದು ಇರುವಂತಿದೆ ಎಂಬುದು ಅವರ ನಿಲುವು. ‘ದಲಿತ’ ಎಂಬುದನ್ನೇ ನೋಡಿ. ಒಡೆಯಲ್ಪಟ್ಟ, ತುಳಿಯಲ್ಪಟ್ಟ ಎಂಬ ಅರ್ಥದ ಸಂಸ್ಕೃತ ವಿಶೇಷಣ. 1970ರ ದಶಕದಲ್ಲಿ ಮುಂಬಯಿಯಲ್ಲೂ ನಮ್ಮ ಕರ್ನಾಟಕದಲ್ಲೂ ಅದನ್ನು ತಾವಾಗಿಯೇ ಎತ್ತಿಕೊಂಡು ನಾಮಪದ ಮಾಡಿಕೊಂಡವರು ಆ ಜನರೇ. ಇಲ್ಲಿ ಮಾತು ಸರಕಾಗಲಿಲ್ಲ. ತುಳಿದವರು ಯಾರೆಂದು ಕೇಳುವ ಧೈರ್ಯ ಅದರೊಡನೆ ಬಂದಿತು. ಆದ್ದರಿಂದ ಬಡ್ತಿಯ ಹುಕುಮಿಗೆ ಸಹಿ ಮಾಡಿದವರು ಯಾರು ಎಂದು ನೋಡದೆ ತೀರ್ಪು ಕೊಡುವಂತಿಲ್ಲ. ತನ್ನ ಹೆಸರನ್ನು ತಾನು ಆರಿಸಿಕೊಳ್ಳುವುದು ಬೇರೆ, ಇನ್ನೊಬ್ಬನು ಪಟ್ಟಿಯಲ್ಲಿ ಬರೆದು ತಲೆಯ ಮೇಲೆ ಅಂಟಿಸುವುದು ಬೇರೆ.

ಈಗ ನನ್ನ ಕಥೆ. ಸೂಸಾನ್ ಗೆಲ್ಮನ್, ಗೇಲ್ ಹೇಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಐದು ಮತ್ತು ಏಳು ವರ್ಷದ ಮಕ್ಕಳ ಮೇಲೆ ಮಾಡಿ 1999ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯ ವಿಷಯವನ್ನು ನಾನು ಓದಿದೆ. ಕ್ಯಾರೆಟ್ಟು ತಿನ್ನುವ ಒಂದು ಹುಡುಗಿಯ ಸಂಗತಿಯನ್ನು ಕೆಲವು ಮಕ್ಕಳಿಗೆ ‘ಅವಳು ಸಿಕ್ಕಾಗಲೆಲ್ಲ ಕ್ಯಾರೆಟ್ಟು ತಿನ್ನುತ್ತಾಳೆ’ ಎಂದು ಹೇಳಿದರು. ಮಿಕ್ಕವರಿಗೆ ಅದನ್ನೇ ಹೆಸರು ಮಾಡಿ, ‘ಅವಳೊಬ್ಬ ಕ್ಯಾರೆಟ್ಟು ತಿನ್ನುವವಳು’ ಎಂಬಂತೆ ಹೇಳಿದರು. ಹೆಸರನ್ನು ಕೇಳಿದ ಮಕ್ಕಳು, ಅವಳು ದೊಡ್ಡವಳಾದ ಮೇಲೂ ತಿನ್ನುತ್ತಾಳೆ, ಬೇಡವೆಂದವರಿದ್ದರೂ ತಿನ್ನುತ್ತಾಳೆ ಎಂದು ಹೆಚ್ಚಾಗಿ ನಂಬಿದರು. ಸಂಗತಿ ಒಂದೇ, ಕ್ಯಾರೆಟ್ಟೂ ಒಂದೇ. ಇದನ್ನು ಓದಿ ಮುಗಿಸಿ ಕನ್ನಡಕ ತೆಗೆದಿಟ್ಟಾಗ, ಎಷ್ಟೋ ವರ್ಷ ನೆನಪಿಗೆ ಬಾರದಿದ್ದ ಒಬ್ಬ ಹುಡುಗ ಎದುರಿಗೆ ಬಂದು ನಿಂತ.

ನಾನು ಕೆಲಸ ಮಾಡುತ್ತಿದ್ದ ಶಾಲೆಯೊಂದರಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಅನಂತರ ಹತ್ತನೆಯ ತರಗತಿಯವರನ್ನು ಮೂರು ಭಾಗ ಮಾಡುವ ಪದ್ಧತಿಯಿತ್ತು. ಪ್ರತಿಯೊಬ್ಬ ಉಪಾಧ್ಯಾಯನೂ ತನ್ನ ಟಿಪ್ಪಣಿ ಪುಸ್ತಕದಲ್ಲಿ ಮೂರು ಅಂಕಣ ಗೆರೆ ಹಾಕಿ, ಬ್ರೈಟ್, ಆ್ಯವರೇಜ್, ಡಲ್ ಎಂದು ಬರೆದುಕೊಳ್ಳಬೇಕು. ಮೂರನೆಯ ಅಂಕಣದವರಿಗೆ ಸಂಜೆ ಒಂದು ಗಂಟೆ ಹೆಚ್ಚಿನ ಪಾಠ. ಉದ್ದೇಶ ಒಳ್ಳೆಯದೇ; ಆ ಪಾಠದಿಂದ ಪಾಸಾದವರೂ ಇದ್ದರು. ಆದರೆ ದಿನ ಕಳೆದಂತೆ ‘ಡಲ್ ಬಾಯ್ಸ್’ ಎಂಬುದರ ‘ಬಾಯ್ಸ್’ ಬಿದ್ದುಹೋಯಿತು. “ನಿಮ್ಮ ಸೆಕ್ಷನ್ನಿನಲ್ಲಿ ಡಲ್ಸ್ ಎಷ್ಟು?” ಎಂದು ಮುಖ್ಯೋಪಾಧ್ಯಾಯರು ಕೇಳುವರು; “ಹದಿನೇಳು ಡಲ್ಸ್ ಸಾರ್,” ಎಂದು ನಾನು ಹೇಳುವೆನು. ಹುಡುಗರ ಉತ್ತರಪತ್ರಿಕೆಯಲ್ಲಿ ‘ಪೂರ್ಸ್’ ಕಂಡರೆ ಕೆಂಪು ಶಾಯಿ ಎತ್ತಿಕೊಳ್ಳುತ್ತಿದ್ದ ನನಗೆ, ನನ್ನ ನಾಲಗೆಯ ಮೇಲಿನ ‘ಸ್’ ಒಂದು ದಿನವೂ ಕೇಳಿಸಲಿಲ್ಲ.

ಒಂದು ಸಂಜೆ ಮಳೆ ಬರುವ ಹಾಗಿತ್ತು. ನಾನು ಮೊಗಸಾಲೆಯಲ್ಲಿ ಕೊಡೆ ಹುಡುಕುತ್ತಿದ್ದೆ. ಗೇಟಿನ ಬಳಿ ಶಾಲೆಯ ಜವಾನ ಒಬ್ಬ ಹುಡುಗನನ್ನು ತಡೆದು, “ಏನೋ, ಎಲ್ಲರೂ ಹೋಗಿ ಇಷ್ಟು ಹೊತ್ತಾಯ್ತು, ನೀನ್ಯಾಕೆ ಇನ್ನೂ ಇಲ್ಲಿದ್ದೀಯ?” ಎಂದು ಕೇಳಿದ.

“ನಾನು ಡಲ್ಲಿನವನಣ್ಣ,” ಎಂದ ಹುಡುಗ.

ಹಾಸನದವನು, ತಿಪಟೂರಿನವನು ಎಂದು ಹೇಳುವಂತೆ ಹೇಳಿದ. ದನಿಯಲ್ಲಿ ಅಳುಕಿರಲಿಲ್ಲ, ದುಃಖವೂ ಇರಲಿಲ್ಲ. ಕೇಳಿದವರಿಗೆ ವಿಳಾಸ ಕೊಟ್ಟ ಹಾಗಿತ್ತು. ಜವಾನನೂ ಅದು ಸರಿಯಾದ ಉತ್ತರವೆಂಬಂತೆ ತಲೆಯಾಡಿಸಿ ಗೇಟು ತೆಗೆದ. ಇಂಗ್ಲಿಷಿನ ವಿಶೇಷಣವೊಂದನ್ನು ನಾವು ನಾಮಪದ ಮಾಡಿದೆವು. ಹುಡುಗ ತನ್ನ ಕನ್ನಡದಿಂದ ಅದಕ್ಕೊಂದು ಪ್ರತ್ಯಯ ಹಚ್ಚಿ ಊರನ್ನು ಮಾಡಿಕೊಂಡು, ಅಲ್ಲಿಯ ನಿವಾಸಿಯಾಗಿಬಿಟ್ಟಿದ್ದ. ನಾನು ಮೇಲೆ ಹೊಗಳಿದ ‘ಅವನು’ ಆ ಮಾತಿನಲ್ಲಿಯೂ ಇದ್ದಾನೆ.

ನನಗೆ ಆಗ ಬಂದದ್ದು ನಗು. ಮಾರನೆಯ ದಿನ ಉಪಾಧ್ಯಾಯರ ಕೊಠಡಿಯಲ್ಲಿ ಕಾಫಿ ಕುಡಿಯುವಾಗ ಇದನ್ನು ಹಾಸ್ಯವಾಗಿ ಹೇಳಿದೆ, ಎಲ್ಲರೂ ನಕ್ಕರು. ಒಬ್ಬರು ಆ ವರ್ಷ ಪೂರ್ತಿ “ನಿಮ್ಮ ಡಲ್ಲೂರಿನ ಸಮಾಚಾರವೇನು?” ಎಂದು ಕೇಳುತ್ತಿದ್ದರು. ಅದಕ್ಕೂ ನಾನು ನಗುತ್ತಿದ್ದೆ. ಹುಡುಗ ಮಾರ್ಚಿಯಲ್ಲಿ ಪಾಸಾದನೆ? ಅದನ್ನು ವಿಚಾರಿಸಿದ ನೆನಪು ನನಗಿಲ್ಲ. ಡಲ್ಸ್ ಪೈಕಿ ಇಷ್ಟು ಮಂದಿ ಪಾಸು ಎಂಬ ಅಂಕಿಯನ್ನು ಮಾತ್ರ ಮೇಲಕ್ಕೆ ಕಳುಹಿಸಿದ್ದೆವು.

ಪರೀಕ್ಷೆಯ ವಿಷಯ ಓದಿದ ರಾತ್ರಿ ಅಟ್ಟದಿಂದ ಹಳೆಯ ಪೆಟ್ಟಿಗೆಯನ್ನು ಇಳಿಸಿದೆ. ಟಿಪ್ಪಣಿ ಪುಸ್ತಕಗಳು ಬಹುಮಟ್ಟಿಗೆ ಎಲ್ಲವೂ ಇವೆ. ಆ ವರ್ಷದ್ದೂ ಸಿಕ್ಕಿತು. ಮೊದಲನೆಯ ಅಂಕಣದಲ್ಲಿ ಹುಡುಗರ ಹೆಸರುಗಳಿವೆ, ತಂದೆಯ ಹೆಸರಿನ ಮೊದಲಕ್ಷರದೊಡನೆ. ಎರಡನೆಯದರಲ್ಲಿಯೂ ಅಲ್ಲಲ್ಲಿ ಹೆಸರುಗಳಿವೆ. ಮೂರನೆಯದರಲ್ಲಿ ಬರೆದಿರುವುದು ಬರಿಯ ಕ್ರಮಸಂಖ್ಯೆಗಳು, ಎಣಿಸಿದೆ, ಹದಿನೇಳು. ಯಾವ ಸಂಖ್ಯೆ ಯಾರದೆಂದು ತಿಳಿಯಬೇಕಾದರೆ ಆ ವರ್ಷದ ಹಾಜರಿ ಪುಸ್ತಕ ಬೇಕು, ಅದು ಶಾಲೆಯಲ್ಲಿಯೇ ಉಳಿಯಿತು.